ನಾಮಾವಳಿಯ ನೆಪದಲ್ಲಿ ಗಣಕದ ಕನ್ನಡ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗಾಗಿ ಹಳೆಯ ವಿದ್ಯಾರ್ಥಿಗಳ ನಾಮಾವಳಿಯನ್ನು ಸಿದ್ಧಪಡಿಸುವ ಹೊಣೆಯನ್ನು ಸಮಿತಿಯ ಮಿತ್ರರು ನನಗೆ ಒಪ್ಪಿಸಿದರು. ನಿವೃತ್ತಿಯ ನಂತರ ನನಗೆ ಗಣಕಯಂತ್ರದ ಹವ್ಯಾಸ ಅಂಟಿಕೊಂಡಿದೆಯೆಂಬುದು ಊರಿನವರಿಗೆಲ್ಲ ತಿಳಿದ ಸಂಗತಿಯೇ ಆಗಿದೆ. ಸಂಚಿಕೆಯನ್ನು ಕೈಗೆತ್ತಿಕೊಂಡವರು ಮೊದಲು ಹುಡುಕುವುದು ತಮ್ಮ ಹೆಸರನ್ನು. ಅದು ತಪ್ಪಾಗಿದ್ದರೆ ಉಳಿದ ಪುಟಗಳು ಎಷ್ಟು ಚೆನ್ನಾಗಿದ್ದರೂ ಮನಸ್ಸಿಗೆ ಸಮಾಧಾನವಾಗದು. ಆದುದರಿಂದ ಆ ಪಟ್ಟಿಯನ್ನು ಹೇಗೆ ಸಿದ್ಧಪಡಿಸಿದೆನೆಂಬುದನ್ನೂ, ಅದಕ್ಕೆ ನೆರವಾದ ಸಾಧನಗಳು ಯಾವುವು, ಅವುಗಳ ಹಿಂದೆ ಯಾರ ದುಡಿಮೆಯಿದೆ ಎಂಬುದನ್ನೂ ಇಲ್ಲಿ ವಿವರಿಸಬಯಸುತ್ತೇನೆ. ಇದು ಗಣಕ ತಜ್ಞನ ಲೇಖನವಲ್ಲ. ನಿತ್ಯ ಅದನ್ನು ಬಳಸುವ ಒಬ್ಬ ಹಳೆಯ ಮೇಷ್ಟರ ಅನುಭವ ಮಾತ್ರ.

ಕನ್ನಡ ಮಾಧ್ಯಮದಲ್ಲಿ ಮೆಟ್ರಿಕ್ಯುಲೇಷನ್ ಮುಗಿಸಿದ ನನಗೆ ಈ ಯಂತ್ರವೆಂದರೆ ಇಂಗ್ಲಿಷ್ ಬಲ್ಲವರ ಸೊತ್ತು ಎಂಬ ಅಳುಕು ಬಹುಕಾಲ ಇತ್ತು. ನನ್ನಿಂದ ಕಾಗುಣಿತ ಕಲಿತಿದ್ದ ಶಿಷ್ಯನೊಬ್ಬ ರಜೆಯಲ್ಲಿ ಊರಿಗೆ ಬಂದಾಗ ತನ್ನ ಹಳೆಯ ಯಂತ್ರವನ್ನು ನಮ್ಮ ಮನೆಯಲ್ಲಿರಿಸಿ, ಕನ್ನಡದ ಕೀಲಿಗಳನ್ನು ಎರಡು ದಿನ ಹೇಳಿಕೊಟ್ಟು ಹೋದ. ಅಂದಿನಿಂದ ನನ್ನ ದಿನಚರಿ ಬದಲಾಯಿತು. ಬೆಳಗಿನ ಸ್ನಾನ, ಕಾಫಿ ಮುಗಿದೊಡನೆ ವಿದ್ಯುತ್ತು ಇರುವ ಹೊತ್ತನ್ನು ನೋಡಿಕೊಂಡು ಎರಡು ಗಂಟೆ ಬರೆಯುತ್ತೇನೆ. ಮಧ್ಯಾಹ್ನ ನಿಘಂಟನ್ನು ತೆರೆದು ಅನುಮಾನಗಳನ್ನು ಪರಿಹರಿಸಿಕೊಳ್ಳುತ್ತೇನೆ. ಸಂಜೆ ದೂರದೂರುಗಳಲ್ಲಿರುವ ಶಿಷ್ಯರ ಪತ್ರಗಳಿಗೆ ಮೊಬೈಲಿನಲ್ಲಿ ಉತ್ತರಿಸುತ್ತೇನೆ. ನಾಮಾವಳಿಯ ಕೆಲಸ ಈ ದಿನಚರಿಯ ನಡುವೆಯೇ ಸಾಗಿತು.

ಮೊದಲ ತೊಡಕು ಕಾಣಿಸಿಕೊಂಡದ್ದು ಮೊಬೈಲಿನ ಮೂಲಕ ಬಂದ ಹೆಸರುಗಳಲ್ಲಿ. ಬಹುಪಾಲು ಜನ ತಮ್ಮ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಕಳುಹಿಸಿದ್ದರು. ಆ ಲಿಪಿಯಲ್ಲಿ ಬಾಲಪ್ಪನೂ ಬಾಳಪ್ಪನೂ ಒಂದೇ ಆಗುತ್ತಾರೆ. ಹ್ರಸ್ವ ಯಾವುದು, ದೀರ್ಘ ಯಾವುದು, ತಕಾರವೋ ಟಕಾರವೋ ತಿಳಿಯದು. ಅಷ್ಟೇಕೆ, ನಮ್ಮ ಗುಮ್ಮಘಟ್ಟದ ಹೆಸರೇ ಇಂಗ್ಲಿಷ್ ಬರಹದಲ್ಲಿ ಘಕಾರವನ್ನು ಕಳೆದುಕೊಂಡು ಗಕಾರದಿಂದ ಕಾಣಿಸಿಕೊಳ್ಳುವುದುಂಟು. ಹೊಸಬನು ಅದನ್ನು ಓದಿ ಕೊನೆಯ ಅಕ್ಷರವನ್ನು ‘ತ್ತ’ ಎಂದರೂ ತಪ್ಪು ಅವನದಲ್ಲ. ತರಗತಿಯಲ್ಲಿ ಹಾಜರಿ ಕೂಗಿದ ನೆನಪು ನನಗಿದ್ದುದರಿಂದ ಕೆಲವು ಹೆಸರುಗಳನ್ನು ಸರಿಪಡಿಸಿದೆ. ಉಳಿದವರಿಗೆ ದೂರವಾಣಿ ಮಾಡಿ ಕೇಳಬೇಕಾಯಿತು.

ಎರಡನೆಯ ತೊಡಕು ಹಳೆಯ ಕಡತಗಳದು. ಬಹಳ ಹಿಂದೆ ಯಾರೋ ಪುಣ್ಯಾತ್ಮರು ಕೆಲವು ವರ್ಷಗಳ ದಾಖಲಾತಿ ಪುಸ್ತಕವನ್ನು ಗಣಕದಲ್ಲಿ ಕನ್ನಡದಲ್ಲಿಯೇ ಬರೆಯಿಸಿಟ್ಟಿದ್ದರು. ಅದನ್ನು ತೆರೆದರೆ ಕಂಡದ್ದು ಇಂಗ್ಲಿಷ್ ಅಕ್ಷರ, ಚುಕ್ಕೆ, ಆವರಣಗಳ ಅರ್ಥವಿಲ್ಲದ ರಾಶಿ. ಇಂಥದೇ ಪೇಚು ನನಗೆ ಹಿಂದೆಯೂ ಒದಗಿತ್ತು. ಸಹೋದ್ಯೋಗಿಯೊಬ್ಬರ ಬೀಳ್ಕೊಡುಗೆಗೆಂದು ಬರೆಸಿದ ಅಭಿನಂದನಾ ಪತ್ರ ಮುದ್ರಣಾಲಯದ ಯಂತ್ರದಲ್ಲಿ ಹೀಗೆಯೇ ಚೂರುಚೂರಾಗಿ ಕಂಡು, ರಾತ್ರೋರಾತ್ರಿ ಮತ್ತೆ ಮೊಳೆ ಜೋಡಿಸಿದಂತೆ ಬರೆಸಬೇಕಾಯಿತು. ಆ ಅವಸರದಲ್ಲಿ ಸನ್ಮಾನಿತರ ಹೆಸರಿನಲ್ಲಿಯೇ ಒಂದು ಒತ್ತು ತಪ್ಪಿಹೋಯಿತು. ಆ ತಪ್ಪನ್ನು ನೆನೆದಾಗ ಇಂದಿಗೂ ಸಂಕೋಚವಾಗುತ್ತದೆ.

ಹೀಗಾಗುವುದಕ್ಕೆ ಕಾರಣ ಸರಳವಾಗಿದೆ. ಗಣಕಯಂತ್ರಕ್ಕೆ ಅಕ್ಷರ ತಿಳಿಯದು, ಸಂಖ್ಯೆ ಮಾತ್ರ ತಿಳಿಯುತ್ತದೆ. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆಯನ್ನು ಗೊತ್ತುಮಾಡಿ, ಆ ಸಂಖ್ಯೆ ಬಂದಾಗ ಇಂಥ ಆಕಾರವನ್ನು ತೋರಿಸು ಎಂದು ಅದಕ್ಕೆ ಹೇಳಬೇಕು. ಅಮೆರಿಕದಲ್ಲಿ 1963ರಲ್ಲಿ ರೂಪುಗೊಂಡ ‘ಆಸ್ಕಿ’ ಸಂಕೇತ ಪಟ್ಟಿಯಲ್ಲಿದ್ದ ಸ್ಥಾನಗಳು 128; ಅವು ಇಂಗ್ಲಿಷಿಗೆ ಸಾಕಾಗುವಷ್ಟು ಮಾತ್ರ. ನಮ್ಮವರು ಬೇರೆ ದಾರಿ ಕಾಣದೆ ಇಂಗ್ಲಿಷ್ ಅಕ್ಷರಗಳ ಹಾಗೂ ಚಿಹ್ನೆಗಳ ಸಂಖ್ಯೆಗಳನ್ನೇ ಬಳಸಿಕೊಂಡು, ಅವುಗಳ ಜಾಗದಲ್ಲಿ ಕನ್ನಡದ ತಲೆಕಟ್ಟು, ಕೊಂಬು, ಒತ್ತುಗಳ ಚಿತ್ರಗಳನ್ನು ಕೂರಿಸಿದರು. ಆ ಅಕ್ಷರ ಶೈಲಿ, ಅಂದರೆ ಫಾಂಟ್, ಇರುವ ಯಂತ್ರದಲ್ಲಿ ಮಾತ್ರ ಅದು ಕನ್ನಡ. ಇಲ್ಲದ ಕಡೆ ವೇಷ ಕಳಚಿ ಇಂಗ್ಲಿಷ್ ಚಿಹ್ನೆಗಳೇ ಉಳಿಯುತ್ತವೆ. ಒಂದೊಂದು ಸಂಸ್ಥೆಯ ಫಾಂಟಿನಲ್ಲಿ ಒಂದೊಂದು ಬಗೆಯ ಸಂಖ್ಯಾಕ್ರಮವಿದ್ದುದು ಮತ್ತಷ್ಟು ಗೋಜಲಿಗೆ ಕಾರಣವಾಯಿತು.

ಇದಕ್ಕೆ ಪರಿಹಾರವಾಗಿ ಬಂದದ್ದೇ ‘ಯೂನಿಕೋಡ್’. ಜಗತ್ತಿನ ಲಿಪಿಗಳಿಗೆಲ್ಲ ಪ್ರತ್ಯೇಕ ಸ್ಥಾನಗಳನ್ನು ಕೊಡುವ ಈ ಪಟ್ಟಿಯ ಮೊದಲ ಆವೃತ್ತಿ 1991ರಲ್ಲಿ ಪ್ರಕಟವಾಯಿತು. ಅದರಲ್ಲಿ ಕನ್ನಡಕ್ಕೆಂದೇ 128 ಮನೆಗಳ ಒಂದು ಕೇರಿಯನ್ನು ಕಾಯ್ದಿರಿಸಲಾಯಿತು. ಅಲ್ಲಿ ‘ಕ’ ಅಕ್ಷರದ ಸಂಖ್ಯೆ 3221. ಈ ಸಂಖ್ಯೆ ಗುಮ್ಮಘಟ್ಟದಲ್ಲಿಯೂ ಕಕಾರವೇ, ನ್ಯೂಯಾರ್ಕಿನಲ್ಲಿಯೂ ಕಕಾರವೇ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಎಂಬ ಕನ್ನಡ ಫಾಂಟ್ ಜೊತೆಗೂಡಿಯೇ ಬಂದಿತು. ಹಳೆಯ ಕಡತಗಳನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕ ತಂತ್ರಾಂಶಗಳು ಈಗ ಉಚಿತವಾಗಿ ದೊರೆಯುತ್ತವೆ. ನಮ್ಮ ದಾಖಲಾತಿ ಪುಸ್ತಕದ ಆ ಚಿಹ್ನೆಗಳ ರಾಶಿ ಅಂಥದೊಂದು ತಂತ್ರಾಂಶದ ಮೂಲಕ ಹಾದು, ಪರದೆಯ ಮೇಲೆ ಹುಡುಗ ಹುಡುಗಿಯರ ಹೆಸರುಗಳಾಗಿ ತೆರೆದುಕೊಂಡಾಗ ನನಗಾದ ಆನಂದವನ್ನು ಬಣ್ಣಿಸಲಾರೆ.

ಮೂರನೆಯ ತೊಡಕು ನಮ್ಮ ಗಡಿನಾಡಿಗೇ ವಿಶಿಷ್ಟವಾದುದು. ಬಳ್ಳಾರಿ ಜಿಲ್ಲೆಗೆ ಸೇರಿದ್ದ ರಾಯದುರ್ಗ ತಾಲ್ಲೂಕು 1953ರಲ್ಲಿ ಆಂಧ್ರಕ್ಕೆ ಸೇರಿದ ಮೇಲೆ ಇಲ್ಲಿಯ ಕಚೇರಿ ವ್ಯವಹಾರಗಳು ತೆಲುಗಿನಲ್ಲಿ ನಡೆಯುತ್ತಿರುವುದು ಸಹಜವೇ ಆಗಿದೆ. ಹೀಗಾಗಿ ಎಷ್ಟೋ ಹೆಸರುಗಳು ತೆಲುಗು ಲಿಪಿಯಲ್ಲಿ ನನ್ನ ಕೈಸೇರಿದವು. ಇಲ್ಲಿ ಯೂನಿಕೋಡ್ ನನಗೊಂದು ಅಚ್ಚರಿಯನ್ನು ತೋರಿಸಿತು. ಭಾರತ ಸರ್ಕಾರದ ಆಶ್ರಯದಲ್ಲಿ ರೂಪುಗೊಂಡ ‘ಇಸ್ಕಿ’ ಎಂಬ ಸಂಕೇತವು ಬ್ರಾಹ್ಮಿಯಿಂದ ಬೆಳೆದ ನಮ್ಮ ಲಿಪಿಗಳಿಗೆಲ್ಲ ಒಂದೇ ಕ್ರಮವನ್ನು ಅನುಸರಿಸಿತ್ತು. ಅದರ 1988ರ ರೂಪವನ್ನೇ ಯೂನಿಕೋಡಿನವರು ಆಧಾರವಾಗಿ ಸ್ವೀಕರಿಸಿದರು. ಪರಿಣಾಮವಾಗಿ ತೆಲುಗು ಮತ್ತು ಕನ್ನಡದ ಕೇರಿಗಳು ಪಕ್ಕಪಕ್ಕದಲ್ಲಿಯೇ ಇವೆ. ಎರಡರಲ್ಲಿಯೂ ಮನೆಗಳ ಸಾಲು ಒಂದೇ ತೆರನಾಗಿದೆ. ತೆಲುಗಿನ ಕಕಾರದ ಸಂಖ್ಯೆ 3093. ಅದಕ್ಕೆ 128ನ್ನು ಕೂಡಿಸಿದರೆ 3221, ಅಂದರೆ ನಮ್ಮ ಕಕಾರ. ಮಕಾರ, ಇಕಾರ, ಕೊಂಬು, ಒತ್ತುಗಳಿಗೂ ಇದೇ ಲೆಕ್ಕ. ಈ ಒಂದು ಕೂಡುವ ಲೆಕ್ಕದಿಂದ ತೆಲುಗಿನ ಪಟ್ಟಿ ಕ್ಷಣಮಾತ್ರದಲ್ಲಿ ಕನ್ನಡ ಲಿಪಿಗೆ ಬಂದಿತು. ಹಳ್ಳಿಯ ಸಂತೆಯಲ್ಲಿ ನಾವು ಎರಡು ನುಡಿಗಳಲ್ಲಿ ಬಾಳುವಂತೆಯೇ ಯಂತ್ರದೊಳಗೂ ಇವು ಅಕ್ಕತಂಗಿಯರಂತೆ ನೆರೆಮನೆಯಲ್ಲಿವೆ.

ಆದರೆ ಲಿಪಿ ಬದಲಾದ ಮಾತ್ರಕ್ಕೆ ಹೆಸರು ಕನ್ನಡವಾಗಲಿಲ್ಲ. ನಮ್ಮ ‘ಅಣ್ಣ’ ತೆಲುಗಿನಲ್ಲಿ ‘ಅನ್ನ’. ಮನೆಯವರು ಭೀಮಣ್ಣ ಎಂದು ಕರೆದ ಹುಡುಗ ಕಚೇರಿಯ ಕಾಗದದಲ್ಲಿ ಭೀಮನ್ನನಾಗಿದ್ದ. ಯಂತ್ರವೂ ‘ಭೀಮನ್ನ’ ಎಂದೇ ಕೊಟ್ಟಿತು. ಅದರ ತಪ್ಪಲ್ಲ, 128ನ್ನು ಕೂಡಿಸುವುದಷ್ಟೇ ಅದಕ್ಕೆ ಹೇಳಿದ್ದ ಕೆಲಸ. ಇಂಥ ಹೆಸರುಗಳನ್ನು ನಾನೇ ತಿದ್ದಿಬಿಡುವುದು ಸಲ್ಲದೆಂದು ಪ್ರತಿಯೊಬ್ಬರನ್ನೂ ಕೇಳಿದೆ. ಕೆಲವರು ಕಾಗದದಲ್ಲಿರುವಂತೆಯೇ ಇರಲಿ ಎಂದರು, ಹಾಗೆಯೇ ಇರಿಸಿದ್ದೇನೆ. ಒಬ್ಬರು ಮಾತ್ರ ತುಸು ಹೊತ್ತು ಸುಮ್ಮನಿದ್ದು, “ಅವ್ವ ಕರೆಯುತ್ತಿದ್ದಂತೆ ಬರೆಯಿರಿ ಸಾರ್” ಎಂದರು. ಆ ಮಾತಿಗೆ ನಾನು ಉತ್ತರಿಸಲಾರದೆ ಹೋದೆ.

ಇನ್ನು ಕೀಲಿಮಣೆಯ ವಿಚಾರ. ಕನ್ನಡ ಬೆರಳಚ್ಚು ಯಂತ್ರದಲ್ಲಿ ಅಕ್ಷರದ ತುಣುಕುಗಳನ್ನು ಒಂದೊಂದಾಗಿ ಒತ್ತಿ ಜೋಡಿಸಬೇಕಾಗಿತ್ತು. ಕಾಗುಣಿತವನ್ನು ಗಣಕಕ್ಕೆ ವಹಿಸಿ, ಮನುಷ್ಯನು ಉಚ್ಚಾರಣೆಯ ಕ್ರಮದಲ್ಲಿ ಕೀಲಿ ಒತ್ತಿದರೆ ಸಾಕೆಂಬ ವಿನ್ಯಾಸವನ್ನು ರೂಪಿಸಿದವರು ದಕ್ಷಿಣ ಕನ್ನಡದ ಕಿನ್ನಿಕಂಬಳ ಪದ್ಮನಾಭರಾಯರು, ಕೆ.ಪಿ. ರಾವ್ ಎಂದೇ ಅವರು ಪ್ರಸಿದ್ಧರು. ತಾವು ಸಿದ್ಧಪಡಿಸಿದ ತಂತ್ರಾಂಶಕ್ಕೆ ವಿದ್ವಾಂಸರಾದ ಸೇಡಿಯಾಪು ಕೃಷ್ಣಭಟ್ಟರ ಹೆಸರಿನಿಂದ ‘ಸೇಡಿಯಾಪು’ ಎಂದು ನಾಮಕರಣ ಮಾಡಿ, ಅದನ್ನು ಉಚಿತವಾಗಿ ಕನ್ನಡಿಗರಿಗೆ ನೀಡಿದರು. ಅವರ ವಿನ್ಯಾಸವನ್ನೇ ಮುಂದೆ ಕರ್ನಾಟಕ ಸರ್ಕಾರ ಅಂಗೀಕರಿಸಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದ ಮೂಲಕ ಅದು ಮನೆಮನೆಗೂ ತಲುಪಿತು.

ನಮ್ಮ ಊರಿನ ಹೆಸರನ್ನೇ ಉದಾಹರಣೆಯಾಗಿ ನೋಡೋಣ. ‘ಗುಮ್ಮಘಟ್ಟ’ ಎಂದು ಬರೆಯಲು ಇಂಗ್ಲಿಷ್ ಕೀಲಿಮಣೆಯ ಜಿ, ಯು, ಎಂ, ಎಫ್, ಎಂ, ಶಿಫ್ಟ್ ಹಿಡಿದು ಜಿ, ಕ್ಯೂ, ಎಫ್, ಕ್ಯೂ ಎಂಬ ಒಂಬತ್ತು ಕೀಲಿಗಳನ್ನು ಕ್ರಮವಾಗಿ ಒತ್ತಬೇಕು. ಎಂ ಮಕಾರ; ಕ್ಯೂ ಟಕಾರ; ಶಿಫ್ಟ್ ಹಿಡಿದರೆ ಅಲ್ಪಪ್ರಾಣವಾದ ಗಕಾರ ಮಹಾಪ್ರಾಣವಾದ ಘಕಾರವಾಗುತ್ತದೆ; ಎಫ್ ಎಂಬುದು ಎರಡು ವ್ಯಂಜನಗಳನ್ನು ಕೂಡಿಸಿ ಒತ್ತಕ್ಷರ ಮಾಡುವ ಕೊಂಡಿ. ಯೂನಿಕೋಡಿನಲ್ಲಿ ಈ ಹೆಸರು ಸಂಗ್ರಹವಾಗುವುದೂ ಒಂಬತ್ತು ಸಂಖ್ಯೆಗಳಾಗಿಯೇ. ಕಣ್ಣಿಗೆ ಕಾಣುವ ಅಕ್ಷರಗಳು ನಾಲ್ಕು. ಒಳಗೆ ಇರುವುದು ನಾವು ತರಗತಿಯಲ್ಲಿ ಬಿಡಿಸಿ ಹೇಳಿಕೊಡುತ್ತಿದ್ದ ಸಂಯುಕ್ತಾಕ್ಷರದ ಪಾಠ. ವ್ಯಾಕರಣ ಬಲ್ಲವನಿಗೆ ಈ ಕೀಲಿಮಣೆ ಒಂದೇ ದಿನದಲ್ಲಿ ವಶವಾಗುತ್ತದೆಂಬುದು ನನ್ನ ಅನುಭವ. ಇಂಗ್ಲಿಷ್ ಕಾಗುಣಿತದಂತೆ ಒತ್ತಿ ಕನ್ನಡ ಪಡೆಯಬಯಸುವವರಿಗೆ ಶೇಷಾದ್ರಿವಾಸು ಚಂದ್ರಶೇಖರನ್ ಅವರು 1998ರಲ್ಲಿ ಹೊರತಂದ ‘ಬರಹ’ ತಂತ್ರಾಂಶವಿದೆ. ಆ ಕಾಲದಲ್ಲಿ ಪರದೇಶದ ಕನ್ನಡ ಮನೆಗಳಿಗೂ ಅದು ಮಹದುಪಕಾರ ಮಾಡಿತು.

ಹೆಸರುಗಳೆಲ್ಲ ಒಂದೆಡೆ ಸೇರಿದ ಮೇಲೆ ಅಕಾರಾದಿಯಾಗಿ ಜೋಡಿಸುವ ಕೆಲಸ ಉಳಿಯಿತು. ಹಳೆಯ ಫಾಂಟುಗಳ ಸಂಖ್ಯೆಗಳಿಗೆ ವರ್ಣಮಾಲೆಯ ಕ್ರಮವಿರಲಿಲ್ಲವಾದ್ದರಿಂದ ಅಲ್ಲಿ ಇದು ಅಸಾಧ್ಯವಾಗಿತ್ತು. ಯೂನಿಕೋಡಿನಲ್ಲಿ ಅಕಾರದಿಂದ ಹಕಾರದವರೆಗೆ ಕ್ರಮ ಸರಿಯಾಗಿದೆ. ಆದರೆ ಒಂದು ಎಚ್ಚರಿಕೆ ಅಗತ್ಯ: ಅಲ್ಲಿ ಳಕಾರದ ಮನೆ ಲಕಾರದ ಪಕ್ಕದಲ್ಲಿದೆ. ಬರಿಯ ಸಂಖ್ಯೆ ನೋಡಿ ಜೋಡಿಸುವ ಸರಳ ತಂತ್ರಾಂಶದಲ್ಲಿ ಕಾಳಪ್ಪನು ಕಾವೇರಿಗಿಂತ ಮೊದಲು ಬರುತ್ತಾನೆ. ನಮ್ಮ ವರ್ಣಮಾಲೆಯ ಪ್ರಕಾರ ಕಾವೇರಿಯ ನಂತರ ಬರಬೇಕು. ಅಂಥ ಹೆಸರುಗಳನ್ನು ಕೈಯಿಂದಲೇ ಸ್ಥಳಾಂತರಿಸಿದ್ದೇನೆ.

ಉಳಿದ ಸಾಧನಗಳನ್ನು ಸಂಕ್ಷೇಪವಾಗಿ ಹೇಳುತ್ತೇನೆ. ನಾನು ನಿತ್ಯ ತೆರೆಯುವ ನಿಘಂಟು ‘ಅಲರ್’. ವಿ. ಕೃಷ್ಣ ಎಂಬವರು ದಶಕಗಳ ಕಾಲ ಏಕಾಂಗಿಯಾಗಿ ಸಂಗ್ರಹಿಸಿದ ಈ ಕನ್ನಡ–ಇಂಗ್ಲಿಷ್ ನಿಘಂಟು 2019ರಲ್ಲಿ ಅಂತರ್ಜಾಲದಲ್ಲಿ ಎಲ್ಲರಿಗೂ ಮುಕ್ತವಾಯಿತು; ಅದರಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳಿವೆ. ಎರಡನೆಯದು 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ. ಅದನ್ನು ಓದುವುದಷ್ಟೇ ಅಲ್ಲದೆ, ತಿಳಿದವರು ತಿದ್ದಬಹುದು, ಹೊಸದಾಗಿ ಬರೆಯಲೂಬಹುದು. ಮುದ್ರಿತ ಪುಟದ ಛಾಯಾಚಿತ್ರದಿಂದ ಅಕ್ಷರಗಳನ್ನು ಗುರುತಿಸಿಕೊಡುವ ‘ಟೆಸರಾಕ್ಟ್’ ಎಂಬ ಉಚಿತ ತಂತ್ರಾಂಶ ಕನ್ನಡವನ್ನೂ ಓದಬಲ್ಲದು. ಅದು ಮಾಡುವ ತಪ್ಪುಗಳನ್ನು ತಿದ್ದುವ ತಾಳ್ಮೆ ನಮಗಿರಬೇಕು. ‘ಗುಬ್ಬಿ’, ‘ನವಿಲು’ ಎಂಬ ಮುಕ್ತ ಫಾಂಟುಗಳೂ ಇವೆ. ಕಣ್ಣು ಮಂಜಾದವರಿಗೆ ಮೊಬೈಲಿನಲ್ಲಿ ಕನ್ನಡದಲ್ಲಿಯೇ ಮಾತನಾಡಿ ಬರೆಯಿಸುವ ಸೌಲಭ್ಯವಿದೆ. ಗೂಗಲ್ ಸಂಸ್ಥೆ ಇದನ್ನು 2017ರಲ್ಲಿ ಕನ್ನಡಕ್ಕೆ ಒದಗಿಸಿತು. ಓದುಬರಹ ಬಾರದ ನಮ್ಮೂರಿನ ಹಿರಿಯರೂ ಮಗನಿಗೆ ತಮ್ಮ ಮಾತಿನಲ್ಲಿಯೇ ನಾಲ್ಕು ಸಾಲು ಕಳುಹಿಸಬಹುದೆಂಬುದು ಸಣ್ಣ ಸಂಗತಿಯಲ್ಲ.

ಇಷ್ಟನ್ನೂ ನಾನು ಹಣ ಕೊಟ್ಟು ಕೊಂಡವನಲ್ಲ. ಯಾರೋ ತಮ್ಮ ಆಯುಷ್ಯದ ವರ್ಷಗಳನ್ನು ಸವೆಸಿ, ನಮ್ಮ ಹೆಸರನ್ನೂ ಅರಿಯದೆ, ನಮಗಾಗಿ ಮಾಡಿಟ್ಟುಹೋದ ಕೆಲಸವಿದು. ಗಡಿಯಾಚೆಯ ನಮ್ಮಂಥವರಿಗೆ ಕನ್ನಡ ಕಲಿಸುವ ಶಾಲೆಯೊಂದು ಉಳಿದರೆ ಸಾಲದು. ಅಲ್ಲಿ ಕಲಿತ ಅಕ್ಷರಕ್ಕೆ ನಿತ್ಯವೂ ಕೆಲಸವಿರಬೇಕು. ಬಳಸದ ಬಾವಿಗೆ ಹೂಳು ತುಂಬುವಂತೆ ಬರೆಯದ ಲಿಪಿ ಕೈಯಿಂದ ಜಾರುತ್ತದೆ. ನಮ್ಮ ಮಕ್ಕಳು ಕನ್ನಡದ ಮಾತನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವ ಅಭ್ಯಾಸಕ್ಕೆ ಬಿದ್ದರೆ, ಇಂದು ಬಾಲಪ್ಪ ಬಾಳಪ್ಪರ ಭೇದ ಹೋದಂತೆ ನಾಳೆ ‘ಬಾಳು’ ಎಂಬ ಮಾತಿನ ಉಚ್ಚಾರಣೆಯೂ ಮಸುಕಾದೀತು.

ಆದುದರಿಂದ ನನ್ನ ಪ್ರಿಯ ಶಿಷ್ಯರಲ್ಲಿ ಒಂದು ಬಿನ್ನಹ. ನಾಮಾವಳಿಯಲ್ಲಿ ನಿಮ್ಮ ಹೆಸರನ್ನು ನೋಡಿಕೊಳ್ಳಿರಿ. ತಪ್ಪಿದ್ದರೆ ಅದು ನನ್ನದೇ ದೋಷ. ಕ್ಷಮಿಸಿ, ದಯವಿಟ್ಟು ತಿದ್ದುಪಡಿಯನ್ನು ಕಳುಹಿಸಿರಿ. ಅದನ್ನು ನಿಮ್ಮ ಮೊಬೈಲಿನಲ್ಲಿ, ನಿಮ್ಮ ಕೈಯಾರೆ, ಕನ್ನಡದ ಅಕ್ಷರಗಳಲ್ಲಿಯೇ ಬರೆದು ಕಳುಹಿಸಿರಿ. ಕೀಲಿಮಣೆಯನ್ನು ಹೊಂದಿಸಲು ತಿಳಿಯದಿದ್ದರೆ ಮನೆಯ ಮಕ್ಕಳನ್ನು ಕೇಳಿರಿ; ಅವರು ಅದನ್ನು ಹೊಂದಿಸಿಕೊಡಲಿ, ನೀವು ಅವರಿಗೆ ಒತ್ತಕ್ಷರವನ್ನು ಹೇಳಿಕೊಡಿರಿ. ಶಾಲೆಗೆ ಐವತ್ತು ತುಂಬಿದ ಈ ಸಂದರ್ಭದಲ್ಲಿ ಹಳೆಯ ಮೇಷ್ಟರು ಕೊಡುತ್ತಿರುವ ಮನೆಗೆಲಸ ಇಷ್ಟೇ. ನಿಮಗೆಲ್ಲರಿಗೂ ಶುಭವಾಗಲಿ.