ಅಂಕಪಟ್ಟಿಯೂ ಬುದ್ಧಿಶಕ್ತಿಯೂ

ಹತ್ತನೆಯ ತರಗತಿಯ ಫಲಿತಾಂಶ ಪ್ರಕಟವಾದ ದಿನ ರೊಳ್ಳದ ಮನೆಮನೆಗಳಲ್ಲಿ ಎರಡೇ ಮಾತು: ‘ಮಗು ಬುದ್ಧಿವಂತ’, ಇಲ್ಲವೆ ‘ಇವನ ತಲೆಗೆ ವಿದ್ಯೆ ಹತ್ತದು’. ಆರು ವಿಷಯಗಳು, 600 ಅಂಕಗಳು. ಈ ಲೆಕ್ಕವನ್ನು ನಂಬಿ, ಮಗು ಮುಂದೆ ಓದಬೇಕೇ, ಕೂಲಿಗೆ ಹೋಗಬೇಕೇ, ಹೆಣ್ಣುಮಗುವಾದರೆ ಮದುವೆ ಮಾಡಿಬಿಡಬೇಕೇ ಎಂಬುದನ್ನೂ ಹಿರಿಯರು ತೀರ್ಮಾನಿಸುವುದುಂಟು. ಆದುದರಿಂದ ಅಂಕಗಳು ನಿಜವಾಗಿಯೂ ಬುದ್ಧಿಯ ಅಳತೆಗೋಲೇ ಎಂದು ಈ ಸುವರ್ಣ ಮಹೋತ್ಸವದ ಸಂದರ್ಭದಲ್ಲಿ ವಿಚಾರಿಸುವುದು ಉಚಿತ.

1905ರಲ್ಲಿ ಪ್ಯಾರಿಸ್ಸಿನ ಆಲ್ಫ್ರೆಡ್ ಬಿನೆ ಮತ್ತು ಥಿಯೊಡೋರ್ ಸೀಮೊನ್ ಎಂಬ ವಿದ್ವಾಂಸರು ಬುದ್ಧಿಪರೀಕ್ಷೆಯೊಂದನ್ನು ರೂಪಿಸಿದರು. ಯಾವ ಮಕ್ಕಳಿಗೆ ಹೆಚ್ಚಿನ ನೆರವು ಅಗತ್ಯವೆಂದು ಗುರುತಿಸುವುದು ಅದರ ಉದ್ದೇಶವಾಗಿತ್ತೇ ಹೊರತು, ದಡ್ಡರೆಂದು ಮುದ್ರೆಯೊತ್ತುವುದಲ್ಲ. ಡಾ. ವಿ. ವಿ. ಕಾಮತರು ಆ ಪರೀಕ್ಷೆಯನ್ನು ಕನ್ನಡ ಹಾಗೂ ಮರಾಠಿ ಮಕ್ಕಳಿಗೆ ಒಗ್ಗುವಂತೆ ಪರಿಷ್ಕರಿಸಿ, 1940ರಲ್ಲಿ ಅದರ ಬಗ್ಗೆ ಗ್ರಂಥವನ್ನು ಪ್ರಕಟಿಸಿದರು. ಫ್ರೆಂಚ್ ಮಗುವಿಗಾಗಿ ರಚಿಸಿದ ಪ್ರಶ್ನೆಯಿಂದ ಕನ್ನಡದ ಮಗುವನ್ನು ಅಳೆಯಲಾಗದೆಂಬುದು ಅಂದೇ ತಿಳಿದಿತ್ತು.

ಹಾಗೆಂದು ಅಂಕಕ್ಕೂ ಬುದ್ಧಿಗೂ ಸಂಬಂಧವೇ ಇಲ್ಲವೆನ್ನಲಾಗದು. ಬುದ್ಧಿಪರೀಕ್ಷೆಗೂ ಶಾಲೆಯ ಅಂಕಗಳಿಗೂ ಇರುವ ಸಹಸಂಬಂಧ ಸುಮಾರು 0.5 ಎಂದು ಸಂಶೋಧನೆಗಳು ತೋರಿಸಿವೆ. ಅಂದರೆ, ಮಕ್ಕಳ ಅಂಕಗಳಲ್ಲಿ ಕಾಣುವ ವ್ಯತ್ಯಾಸದ ಕಾಲು ಭಾಗವಷ್ಟೇ ಆ ಪರೀಕ್ಷೆಯ ಲೆಕ್ಕಕ್ಕೆ ಸಿಗುತ್ತದೆ. ಉಳಿದ ಮುಕ್ಕಾಲು ಪಾಲಿನಲ್ಲಿ ಶ್ರಮ, ಆರೋಗ್ಯ, ಮನೆಯ ಸ್ಥಿತಿ, ಬೋಧನೆ, ಭಾಷೆ ಮೊದಲಾದವು ಸೇರಿವೆ.

ಭಾಷೆಯ ಮಾತನ್ನು ಗಡಿನಾಡಿನ ನಮಗೆ ಯಾರೂ ವಿವರಿಸಬೇಕಿಲ್ಲ. ಕನ್ನಡ ಮಾಧ್ಯಮದಲ್ಲಿ ವಿಜ್ಞಾನಕ್ಕೆ 85 ಅಂಕ ಪಡೆದ ವಿದ್ಯಾರ್ಥಿ ಮಡಕಶಿರಾದಲ್ಲೋ ಶಿರಾದಲ್ಲೋ ಇಂಗ್ಲಿಷ್ ಮಾಧ್ಯಮದ ಕಾಲೇಜು ಸೇರಿ ಮೊದಲ ಪರೀಕ್ಷೆಯಲ್ಲಿ 40ಕ್ಕೆ ಇಳಿದನೆನ್ನೋಣ. ಬೇಸಿಗೆಯ ರಜೆಯಲ್ಲಿ ಅವನ ಬುದ್ಧಿ ಕರಗಿಹೋಯಿತೇ? ‘ದ್ಯುತಿಸಂಶ್ಲೇಷಣೆ’ಯನ್ನು ಅರಿತವನಿಗೆ ‘ಫೋಟೋಸಿಂಥೆಸಿಸ್’ ಎಂಬ ಹೆಸರಷ್ಟೇ ಹೊಸದು. 2020ರಲ್ಲಿ ಕೋವಿಡ್ ನಿಮಿತ್ತ ಆಂಧ್ರಪ್ರದೇಶದಲ್ಲಿ ಹತ್ತನೆಯ ತರಗತಿಯ ಪರೀಕ್ಷೆ ರದ್ದಾಗಿ ಎಲ್ಲರೂ ಉತ್ತೀರ್ಣರಾದರು. ಆ ವರ್ಷದ ಮಕ್ಕಳೆಲ್ಲರೂ ಒಮ್ಮೆಗೇ ಜಾಣರಾದರೆಂದು ಯಾರೂ ಹೇಳಲಿಲ್ಲ.

ಪ್ರಶ್ನೆಪತ್ರಿಕೆ ಕೇಳದ ಜಾಣ್ಮೆಯೂ ಉಂಟು. ರೇಷ್ಮೆ ಸಾಕುವ ಮನೆಯ ಮಗು ಹುಳು ಯಾವ ಜ್ವರದಲ್ಲಿದೆ, ಸೊಪ್ಪು ಯಾವಾಗ ನಿಲ್ಲಿಸಬೇಕು, ಹಣ್ಣಾದ ಹುಳುವನ್ನು ಚಂದ್ರಿಕೆಗೆ ಯಾವಾಗ ಬಿಡಬೇಕು ಎಂಬುದನ್ನು ನೋಡಿದೊಡನೆ ಹೇಳಬಲ್ಲದು. ಸೂಕ್ಷ್ಮವಾಗಿ ಗಮನಿಸಿ ನಿರ್ಣಯಿಸುವ ಈ ಶಕ್ತಿ ವಿಜ್ಞಾನಕ್ಕೆ ಬೇಕಾದ ಶಕ್ತಿಯೇ ಅಲ್ಲವೇ?

ಪರೀಕ್ಷೆ ಬೇಡವೆಂಬುದು ಈ ಬರಹದ ಅಭಿಪ್ರಾಯವಲ್ಲ. ನಿಗದಿತ ಪಾಠವನ್ನು ಮಗು ಎಷ್ಟು ಸಿದ್ಧಪಡಿಸಿಕೊಂಡು ಬರೆಯಿತೆಂಬುದನ್ನು ಅಂಕಪಟ್ಟಿ ತಿಳಿಸುತ್ತದೆ. ಅಷ್ಟರಮಟ್ಟಿಗೆ ಅದು ಉಪಯುಕ್ತ. 34 ಅಂಕ ಬಂದಾಗ ‘ದಡ್ಡ’ ಎನ್ನುವ ಬದಲು ಯಾವ ಪಾಠ ತಿಳಿಯಲಿಲ್ಲ, ಮನೆಯಲ್ಲಿ ಓದಲು ಬಿಡುವಿತ್ತೇ ಎಂದು ತಂದೆತಾಯಿಗಳು ಕೇಳಲಿ; ಪೂರಕ ಪರೀಕ್ಷೆಗೆ ಕೂರಿಸಲಿ. ಹಳೆಯ ವಿದ್ಯಾರ್ಥಿಗಳು ಪ್ರತಿ ಬೇಸಿಗೆಯಲ್ಲಿ ಕೆಲವು ದಿನ ಬಂದು, ಕಾಲೇಜಿಗೆ ಹೊರಟ ಮಕ್ಕಳಿಗೆ ಗಣಿತ, ವಿಜ್ಞಾನಗಳ ಪಾರಿಭಾಷಿಕ ಪದಗಳನ್ನು ಎರಡೂ ಭಾಷೆಗಳಲ್ಲಿ ಪರಿಚಯಿಸಲಿ. ಐವತ್ತು ವಸಂತಗಳನ್ನು ಕಂಡ ಶಾಲೆಗೆ ಅದರ ಮಕ್ಕಳು ಸಲ್ಲಿಸಬಹುದಾದ ಸಾರ್ಥಕ ಗುರುದಕ್ಷಿಣೆ ಇದೇ.