ಪಿನ್ ಒತ್ತುವವನ ತಲೆಗೆ ಎಷ್ಟು ಹೊರೆ?

ದುಡ್ಡು ಬರಬೇಕಾದರೂ ಪಿನ್ ಒತ್ತಬೇಕು ಎಂದು ನಂಬಿ ಕೈ ಸುಟ್ಟುಕೊಂಡವರು ದೇಶದ ತುಂಬ ಇದ್ದಾರೆ. ಅವರೇನು ದಡ್ಡರಲ್ಲ. ಉದ್ರಿ ಲೆಕ್ಕವನ್ನೆಲ್ಲ ಬಾಯಲ್ಲೇ ಒಪ್ಪಿಸುವ ವ್ಯಾಪಾರಸ್ಥರೂ ಅವರಲ್ಲಿದ್ದಾರೆ. ಹಾಗಾದರೆ ತಪ್ಪು ಯಾರದು? ಮೋಸಗಾರನದು, ಸರಿ. ಆದರೆ ಒಂದು ಪಾಲು ಮೊಬೈಲ್ ಪರದೆಯದೂ ಹೌದು, ಸ್ವಾಮಿ!

ಮೋಸ ನಡೆದ ರೀತಿ ನೋಡಿ. 2016ರಲ್ಲಿ ಯುಪಿಐ ಬಂತು. ದುಡ್ಡು ಕಳಿಸುವುದರ ಜೊತೆಗೆ, ಎದುರಿನವರಿಂದ ದುಡ್ಡು ಕೇಳುವ 'ಕಲೆಕ್ಟ್ ರಿಕ್ವೆಸ್ಟ್' ಎಂಬ ಅನುಕೂಲವೂ ಅದರಲ್ಲಿತ್ತು. ಹಳೇ ಸೋಫಾ ಮಾರಲು ಹೊರಟವನಿಗೆ ಫೋನ್ ಬರುತ್ತದೆ: 'ಅಡ್ವಾನ್ಸ್ ಕಳಿಸಿದೀನಿ, ಪಿನ್ ಒತ್ತಿ ತಗೊಳ್ಳಿ, ಬೇಗ.' ಕಿವಿಯಲ್ಲಿ ಆ ಅವಸರ, ಎದುರಿಗೆ ಗಿರಾಕಿಗಳು. ಪರದೆಯಲ್ಲಿ ಮೊತ್ತ ದಪ್ಪಕ್ಕೆ ಕಾಣುತ್ತದೆ. ಅದು ಬರುವ ದುಡ್ಡೋ ಹೋಗುವ ದುಡ್ಡೋ ತಿಳಿಯಲು ಸಣ್ಣಕ್ಷರ ಓದಬೇಕು. ಓದುವ ಪುರುಸೊತ್ತು ಯಾರಿಗಿದೆ? ಪಿನ್ ಒತ್ತಿದ, ದುಡ್ಡು ಹೋಯಿತು.

ಕೊನೆಗೆ ನ್ಯಾಷನಲ್ ಪೇಮೆಂಟ್ಸ್ ಕಾರ್ಪೊರೇಷನ್ನು 2025ರ ಅಕ್ಟೋಬರ್ 1ರಿಂದ ವ್ಯಕ್ತಿಯಿಂದ ವ್ಯಕ್ತಿಗೆ ಹೋಗುವ ಈ ಬೇಡಿಕೆಯನ್ನೇ ನಿಲ್ಲಿಸಿತು. ಒಳ್ಳೆಯದಾಯಿತು. ಆದರೆ ಒಂಬತ್ತು ವರ್ಷ ಬೇಕಾಯಿತಲ್ಲ!

ಮನುಷ್ಯನ ತಲೆ ಗೋಡೌನ್ ಅಲ್ಲ. ಒಂದೇ ಸಲಕ್ಕೆ ಸುಮಾರು ಏಳು ಸಂಗತಿ, ಹೆಚ್ಚೆಂದರೆ ಎರಡು ಆಚೆ ಈಚೆ, ಹಿಡಿದಿಟ್ಟುಕೊಳ್ಳಬಲ್ಲದು ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ 1956ರಲ್ಲೇ ಬರೆದರು. ಅಷ್ಟೂ ಹಿಡಿಯದು, ನಾಲ್ಕೇ ಎಂದರು ಆಮೇಲಿನವರು. ಹೊರೆ ಹೆಚ್ಚಾದರೆ ಹೊಸದನ್ನು ಕಲಿಯಲು ತಲೆಯಲ್ಲಿ ಜಾಗವೇ ಉಳಿಯದು ಎಂದು 1988ರಲ್ಲಿ ಆಸ್ಟ್ರೇಲಿಯಾದ ಜಾನ್ ಸ್ವೆಲ್ಲರ್ ತೋರಿಸಿದರು.

ಇದನ್ನು ಅಡುಗೆಮನೆಯಲ್ಲೇ ಕಂಡುಕೊಂಡವರೂ ಇದ್ದಾರೆ. 1967ರಲ್ಲಿ ಲಂಡನ್ನಿನ ಎನ್‌ಫೀಲ್ಡ್‌ನಲ್ಲಿ ಬಾರ್ಕ್ಲೇಸ್ ಬ್ಯಾಂಕಿನ ಮೊದಲ ಹಣದ ಯಂತ್ರ ಕೂಡಿಸಿದವರು ಜಾನ್ ಶೆಫರ್ಡ್-ಬ್ಯಾರನ್. ಹುಟ್ಟಿದ್ದು ನಮ್ಮ ಶಿಲ್ಲಾಂಗ್‌ನಲ್ಲಿ. ಅವರೇ ಹೇಳಿಕೊಂಡಂತೆ, ಮೊದಲು ಆರಂಕಿ ಪಿನ್ ಇಡಬೇಕೆಂದಿದ್ದರು. ಊಟದ ಮೇಜಿನಲ್ಲಿ ಹೆಂಡತಿಯನ್ನು ಕೇಳಿದರೆ, 'ನನಗೆ ನಾಲ್ಕೇ ನೆನಪಿರೋದು' ಎಂದರಂತೆ. ಪಿನ್ ನಾಲ್ಕಂಕಿಗೆ ಇಳಿಯಿತು! ಯಜಮಾನರು ತಮ್ಮ ಜಾಣತನ ನೋಡಲಿಲ್ಲ, ಬಳಸುವವರ ನೆನಪು ನೋಡಿದರು.

ಎಟಿಎಂನಲ್ಲಿ ಇನ್ನೊಂದು ಪಾಠವಿದೆ. ದುಡ್ಡು ಮೊದಲು, ಕಾರ್ಡು ಆಮೇಲೆ ಕೊಡುವ ಯಂತ್ರದಲ್ಲಿ ಜನ ಕಾರ್ಡು ಮರೆತು ನಡೆದರು. ಬಂದ ಕೆಲಸ ಮುಗಿದ ಮೇಲೆ ಉಳಿದದ್ದು ನೆನಪಿನಿಂದ ಜಾರುವುದು ಸಹಜ. ಕಾರ್ಡು ತೆಗೆದ ಮೇಲೇ ದುಡ್ಡು ಎಂದು ಕ್ರಮ ಬದಲಿಸಿದರು, ಮರೆವು ಇಳಿಯಿತು. ಬದಲಾದದ್ದು ಯಂತ್ರ, ಜನರಲ್ಲ.

ನಮ್ಮ ಅಂಗಡಿಗಳಲ್ಲೂ ಅಂಥ ಒಳ್ಳೇ ಯಂತ್ರವಿದೆ: ದುಡ್ಡು ಬಂದೊಡನೆ ಕನ್ನಡದಲ್ಲೇ ಕೂಗಿ ಹೇಳುವ ಪೆಟ್ಟಿಗೆ. ಕೈ ತಕ್ಕಡಿ ಮೇಲೆ, ಕಣ್ಣು ಗಿರಾಕಿ ಮೇಲೆ, ಲೆಕ್ಕ ಕಿವಿಗೆ. ಗಿರಾಕಿ ತೋರಿಸುವ ಫೋನನ್ನು ಕಣ್ಣು ಕಿರಿದು ಮಾಡಿ ಓದಬೇಕಿಲ್ಲ.

ಇನ್ನು ಆಪುಗಳ ಮುಖಪುಟ ನೋಡಿ. ಬಸ್ಸು ಹೊರಟಿದೆ, ಕಂಡಕ್ಟರ್ ಕ್ಯೂಆರ್ ಹಿಡಿದು ನಿಂತಿದ್ದಾರೆ. ಪ್ರಯಾಣಿಕನ ಪರದೆಯಲ್ಲಿ ಸಾಲ ಬೇಕೇ, ಚಿನ್ನ ಬೇಕೇ, ವಿಮೆ ಬೇಕೇ, ಬಹುಮಾನ ಗೀಚುತ್ತೀರಾ! ಟಿಕೆಟ್ಟಿಗೆ ಬಂದವನಿಗೆ ಜಾತ್ರೆ ಯಾಕೆ?

ಆಪು ಮಾಡುವ ಮಹಾಶಯರೇ, ಒಂದು ಪರದೆಯಲ್ಲಿ ಒಂದೇ ಪ್ರಶ್ನೆ ಕೇಳಿ. 'ನಿಮ್ಮ ಖಾತೆಯಿಂದ ದುಡ್ಡು ಹೋಗುತ್ತದೆ' ಎಂಬುದನ್ನು ಮೊತ್ತದಷ್ಟೇ ದಪ್ಪಕ್ಷರದಲ್ಲಿ, ಕನ್ನಡದಲ್ಲಿ ಬರೆಯಿರಿ. ನಿಮ್ಮ ಕಂಪ್ಯೂಟರು ಹೊರಬಹುದಾದ ಭಾರವನ್ನು ನಮ್ಮ ತಲೆಗೆ ಏರಿಸಬೇಡಿ.

ಅಂಗಡಿ ಬಾಂಧವರೇ, ಅಲ್ಲಿಯವರೆಗೆ ಗಲ್ಲಾಪೆಟ್ಟಿಗೆಗೆ ಒಂದು ಚೀಟಿ ಅಂಟಿಸಿಕೊಳ್ಳಿ: 'ದುಡ್ಡು ಬರೋಕೆ ಪಿನ್ ಬೇಡ. ಪಿನ್ ಕೇಳಿದರೆ ಫೋನ್ ಇಡು.'