ಅಧ್ಯಾಯ 6: ಮಂಡನೆಯಾಗದ ಮಸೂದೆ

ಶಾಸನಸಭೆಯಲ್ಲಿ ಅಡ್ಡಗಾಲು ಎಂದ ಕೂಡಲೇ ನಮಗೆ ನೆನಪಾಗುವುದು ಟಿ.ವಿ.ಯಲ್ಲಿ ಕಂಡ ಗದ್ದಲ. ಘೋಷಣೆ, ಧರಣಿ, ಗಾಳಿಯಲ್ಲಿ ತೂರಿದ ಕಾಗದದ ಚೂರು. ಆದರೆ ಒಂದು ಮಸೂದೆಯನ್ನು ತಿಂಗಳುಗಟ್ಟಲೆ ನಿಲ್ಲಿಸಬೇಕೆಂದರೆ ಇಷ್ಟೆಲ್ಲ ಕೂಗಾಡಬೇಕಿಲ್ಲ. ಮಂಡನೆಗೆ ಅವಕಾಶ ಕೊಡದಿದ್ದರಾಯಿತು, ಮತಕ್ಕೆ ಹಾಕದಿದ್ದರಾಯಿತು, ಅಂಕಿತ ಹಾಕದೆ ಇಟ್ಟುಕೊಂಡರಾಯಿತು. ಈ ಅಧ್ಯಾಯದ ವಿಷಯ ಆ ಸದ್ದಿಲ್ಲದ ತಡೆ.

ಮೊದಲು ತಿಳಿದಿರಬೇಕಾದಷ್ಟು. ಕರ್ನಾಟಕದ ವಿಧಾನಸಭೆಗೆ 224 ಚುನಾಯಿತ ಸ್ಥಾನ, ವಿಧಾನ ಪರಿಷತ್ತಿಗೆ 75. ಪರಿಷತ್ತಿನ 25 ಜನರನ್ನು ಶಾಸಕರು, 25 ಜನರನ್ನು ಸ್ಥಳೀಯ ಸಂಸ್ಥೆಗಳ ಸದಸ್ಯರು, ತಲಾ 7 ಜನರನ್ನು ಪದವೀಧರರು ಮತ್ತು ಶಿಕ್ಷಕರು ಆರಿಸುತ್ತಾರೆ. ಉಳಿದ 11 ಜನ ನಾಮನಿರ್ದೇಶಿತರು. ಅವಧಿ ಆರು ವರ್ಷ, ಎರಡು ವರ್ಷಕ್ಕೊಮ್ಮೆ ಮೂರನೇ ಒಂದು ಭಾಗ ನಿವೃತ್ತಿ. ಹೀಗಾಗಿ ಕೆಳಮನೆಯಲ್ಲಿ ಸರ್ಕಾರ ಬದಲಾದರೂ ಮೇಲ್ಮನೆಯಲ್ಲಿ ಹಳೆಯ ಲೆಕ್ಕಾಚಾರವೇ ಕೆಲಕಾಲ ಉಳಿದಿರುತ್ತದೆ. ತಿಕ್ಕಾಟ ಶುರುವಾಗುವುದು ಅಲ್ಲಿಂದ.

ಇಷ್ಟು ಹೇಳುವಷ್ಟರಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: “ಪರಿಷತ್ತು ಒಪ್ಪದಿದ್ದರೆ ಜಂಟಿ ಅಧಿವೇಶನ ಕರೆದು ಪಾಸು ಮಾಡಬಹುದಲ್ಲ?” ರಾಜ್ಯದಲ್ಲಿ ಅದು ಸಾಧ್ಯವಿಲ್ಲ. ವರ್ಷದ ಮೊದಲ ಅಧಿವೇಶನದಲ್ಲಿ ರಾಜ್ಯಪಾಲರು ಎರಡೂ ಸದನಗಳನ್ನು ಕೂರಿಸಿಕೊಂಡು ಭಾಷಣ ಮಾಡುವುದನ್ನು ನೋಡಿ ಹುಟ್ಟುವ ತಪ್ಪು ಕಲ್ಪನೆ ಇದು. ಆ ದಿನ ಮಸೂದೆಗೆ ಮತ ಹಾಕುವುದಿಲ್ಲ. ಮಸೂದೆಗಾಗಿ ಜಂಟಿ ಅಧಿವೇಶನ ಇರುವುದು ಸಂಸತ್ತಿಗೆ, ಅದೂ 108ನೇ ವಿಧಿಯ ಪ್ರಕಾರ. ಇದುವರೆಗೆ ಮೂರು ಸಲ ಮಾತ್ರ ಅದರಲ್ಲಿ ಮಸೂದೆ ಅಂಗೀಕಾರವಾಗಿದೆ: 1961ರಲ್ಲಿ ವರದಕ್ಷಿಣೆ ನಿಷೇಧ, 1978ರಲ್ಲಿ ಬ್ಯಾಂಕಿಂಗ್ ಸೇವಾ ಆಯೋಗದ ರದ್ದತಿ, 2002ರಲ್ಲಿ ಪೋಟಾ.

ರಾಜ್ಯಕ್ಕೆ ಸಂವಿಧಾನ ಕೊಟ್ಟಿರುವುದು 197ನೇ ವಿಧಿ. ನನಗೆ ಬಹಳ ಅಚ್ಚುಮೆಚ್ಚಿನ ವಿಧಿ, ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ವಿಧಾನಸಭೆ ಒಪ್ಪಿದ ಮಸೂದೆ ಪರಿಷತ್ತಿಗೆ ಬರುತ್ತದೆ. ಪರಿಷತ್ತು ಅದನ್ನು ತಿರಸ್ಕರಿಸಬಹುದು, ವಿಧಾನಸಭೆ ಒಪ್ಪದಂಥ ತಿದ್ದುಪಡಿ ಹಾಕಬಹುದು, ಇಲ್ಲವೇ ಮಂಡನೆಯಾದ ದಿನದಿಂದ ಮೂರು ತಿಂಗಳು ಸುಮ್ಮನೆ ಕೂರಬಹುದು. ಮೂರರಲ್ಲಿ ಯಾವುದಾದರೂ ವಿಧಾನಸಭೆ ಅದೇ ಮಸೂದೆಯನ್ನು ಎರಡನೇ ಸಲ ಅಂಗೀಕರಿಸಿ ಕಳಿಸಬಹುದು. ಈ ಸಲ ಪರಿಷತ್ತಿಗೆ ಸಿಗುವುದು ಒಂದೇ ತಿಂಗಳು. ಪರಿಷತ್ತು ಮತ್ತೆ ಬೇಡವೆಂದರೂ, ಆ ತಿಂಗಳು ಮುಗಿಯುವವರೆಗೆ ಸುಮ್ಮನಿದ್ದರೂ, ಮಸೂದೆ ಎರಡೂ ಸದನಗಳಲ್ಲಿ ಅಂಗೀಕಾರವಾದಂತೆಯೇ ಲೆಕ್ಕ. ಹಣಕಾಸು ಮಸೂದೆಯಾದರೆ ಪರಿಷತ್ತಿಗೆ ಹದಿನಾಲ್ಕೇ ದಿನ.

ಹಾಗಾದರೆ ಮೇಲ್ಮನೆ ಹಲ್ಲಿಲ್ಲದ ಹಾವೇ? ಅಷ್ಟು ಬೇಗ ತೀರ್ಮಾನಕ್ಕೆ ಬರಬೇಡಿ. “ಮಂಡನೆಯಾದ ದಿನದಿಂದ” ಎಂಬ ಮಾತನ್ನು ಇನ್ನೊಮ್ಮೆ ಓದಿ. ಮಂಡನೆಯೇ ಆಗದಿದ್ದರೆ ಮೂರು ತಿಂಗಳ ಎಣಿಕೆ ಶುರುವೇ ಆಗುವುದಿಲ್ಲ.

2020ರ ಡಿಸೆಂಬರ್‌ನಲ್ಲಿ ಆದದ್ದು ಇದೇ. ಗೋಹತ್ಯೆ ನಿಷೇಧ ಮಸೂದೆ ಡಿಸೆಂಬರ್ 9ರಂದು ವಿಧಾನಸಭೆಯಲ್ಲಿ ಅಂಗೀಕಾರವಾಯಿತು. ಪರಿಷತ್ತಿನಲ್ಲಿ ಆಡಳಿತಾರೂಢ ಬಿಜೆಪಿಗೆ ಸ್ವಂತ ಬಹುಮತವಿರಲಿಲ್ಲ, ಸಭಾಪತಿ ಪ್ರತಾಪಚಂದ್ರ ಶೆಟ್ಟಿ ಕಾಂಗ್ರೆಸ್ಸಿನವರು. ಮರುದಿನ ಅವರು ಸದನವನ್ನು ಅನಿರ್ದಿಷ್ಟಾವಧಿಗೆ ಮುಂದೂಡಿದರು. ಮಸೂದೆ ಮಂಡನೆಯಾಗದೆ ಉಳಿಯಿತು. ಸರ್ಕಾರ ಹಟ ಹಿಡಿದು ಡಿಸೆಂಬರ್ 15ಕ್ಕೆ ಮತ್ತೆ ಸದನ ಕರೆಸಿತು. ಅಂದು ಕೋರಂ ಬೆಲ್ ಇನ್ನೂ ಬಾರಿಸುತ್ತಿದ್ದಾಗಲೇ ಉಪಸಭಾಪತಿ ಎಸ್.ಎಲ್. ಧರ್ಮೇಗೌಡ ಪೀಠದಲ್ಲಿ ಕೂತರು. ಸಭಾಪತಿ ಒಳಗೆ ಬರದಂತೆ ಬಾಗಿಲು ಹಾಕಲಾಗಿತ್ತು. ಕಾಂಗ್ರೆಸ್ ಸದಸ್ಯರು ಉಪಸಭಾಪತಿಯನ್ನು ಪೀಠದಿಂದ ಎಳೆದು ಇಳಿಸಿದರು. ದೇಶವೆಲ್ಲ ನೋಡಿದ್ದು ಈ ಎಳೆದಾಟವನ್ನು. ಮಸೂದೆಯನ್ನು ನಿಲ್ಲಿಸಿದ್ದು ಮಾತ್ರ ಐದು ದಿನ ಹಿಂದಿನ ಮುಂದೂಡಿಕೆ. ಅದರ ವಿಡಿಯೊ ಯಾರೂ ಹಂಚಿಕೊಳ್ಳಲಿಲ್ಲ.

ಸರ್ಕಾರವೂ ಸುತ್ತುದಾರಿ ಹಿಡಿಯಿತು. 2021ರ ಜನವರಿಯಲ್ಲಿ ಸುಗ್ರೀವಾಜ್ಞೆ ಬಂತು. ಫೆಬ್ರುವರಿ 8ರಂದು ಪರಿಷತ್ತಿನಲ್ಲಿ ಮಸೂದೆ ಧ್ವನಿಮತದಿಂದ ಅಂಗೀಕಾರವಾಯಿತು. ತಲೆ ಎಣಿಸಿ ಎಂದು ವಿರೋಧ ಪಕ್ಷದವರು ಕೂಗಿದ್ದು ಗದ್ದಲದಲ್ಲೇ ಕರಗಿತು. ಮತಾಂತರ ವಿರೋಧಿ ಮಸೂದೆಯದೂ ಹತ್ತಿರಹತ್ತಿರ ಇದೇ ಹಾದಿ. 2021ರ ಡಿಸೆಂಬರ್‌ನಲ್ಲಿ ವಿಧಾನಸಭೆ ಒಪ್ಪಿತು, ಪರಿಷತ್ತಿನಲ್ಲಿ ಸಂಖ್ಯೆ ಸಾಲದೆ ಸರ್ಕಾರವೇ ಮತಕ್ಕೆ ತರಲಿಲ್ಲ, 2022ರ ಮೇನಲ್ಲಿ ಸುಗ್ರೀವಾಜ್ಞೆ, ಸೆಪ್ಟೆಂಬರ್‌ನಲ್ಲಿ ಪರಿಷತ್ತಿನ ಒಪ್ಪಿಗೆ.

ಈಗ 2024ನ್ನು ಪಕ್ಕಕ್ಕಿಟ್ಟು ನೋಡಿ. ಕಾಂಗ್ರೆಸ್ ಸರ್ಕಾರದ ಹಿಂದೂ ಧಾರ್ಮಿಕ ಸಂಸ್ಥೆಗಳ ತಿದ್ದುಪಡಿ ಮಸೂದೆ ಫೆಬ್ರುವರಿ 23ರಂದು ಪರಿಷತ್ತಿನಲ್ಲಿ ಸೋತುಹೋಯಿತು. ಅದೇ ತಿಂಗಳ ಕೊನೆಗೆ ವಿಧಾನಸಭೆ ಅದನ್ನು ಎರಡನೇ ಸಲ ಅಂಗೀಕರಿಸಿಯೂ ಆಯಿತು. (ಆಮೇಲೆ ಅದು ರಾಜಭವನದಲ್ಲಿ ತೊಡಕಿಗೆ ಸಿಕ್ಕಿತು, ಆ ಕತೆ ಬೇರೆ.) ಸೋತ ಮಸೂದೆಗೆ ಕೆಲವೇ ದಿನಗಳಲ್ಲಿ ಮುಂದಿನ ದಾರಿ ಸಿಗುತ್ತದೆ, ಮಂಡನೆಯಾಗದ ಮಸೂದೆ ತಿಂಗಳುಗಟ್ಟಲೆ ಕಾಯುತ್ತದೆ. ಕೇಳಲು ವಿಚಿತ್ರ, ಆದರೆ 197ನೇ ವಿಧಿಯ ತಿರುಳೇ ಇದು. ಅಡ್ಡಿ ಮಾಡುವವರಿಗೂ ಇದು ಚೆನ್ನಾಗಿ ಗೊತ್ತು, ಯಾವ ಪಕ್ಷವಾದರೂ ಸರಿ.

ದೆಹಲಿಯಲ್ಲಿ ಸಂವಿಧಾನ ತಿದ್ದುಪಡಿಗೆ ಜಂಟಿ ಅಧಿವೇಶನದ ಬಾಗಿಲೂ ಮುಚ್ಚಿದೆ. ಎರಡೂ ಸದನ ಪ್ರತ್ಯೇಕವಾಗಿ, ವಿಶೇಷ ಬಹುಮತದಿಂದ ಒಪ್ಪಬೇಕು. ನಮ್ಮವರೇ ಆದ ಎಚ್.ಡಿ. ದೇವೇಗೌಡರ ಸರ್ಕಾರ 1996ರ ಸೆಪ್ಟೆಂಬರ್‌ನಲ್ಲಿ ಅಂಥದೇ ತಿದ್ದುಪಡಿಯಾದ ಮಹಿಳಾ ಮೀಸಲಾತಿ ಮಸೂದೆ ತಂದಿತು. 1998ರಲ್ಲಿ ಮಸೂದೆಯ ಪ್ರತಿಯನ್ನು ಲೋಕಸಭೆಯಲ್ಲೇ ಕಿತ್ತು ಹರಿದರು. 2010ರಲ್ಲಿ ರಾಜ್ಯಸಭೆ ಒಪ್ಪಿತು. ಲೋಕಸಭೆ ಮತಕ್ಕೇ ಹಾಕದೆ ಅದು 2014ರಲ್ಲಿ ಬಿದ್ದುಹೋಯಿತು. ಕೊನೆಗೆ ಕಾನೂನಾದದ್ದು 2023ರಲ್ಲಿ. ಇಪ್ಪತ್ತೇಳು ವರ್ಷ! ಅಮೆರಿಕದಲ್ಲಾದರೆ ಬಜೆಟ್ಟಿಗೇ ತಡೆ ಬೀಳುತ್ತದೆ: 2025ರಲ್ಲಿ ಸರ್ಕಾರಿ ಕಚೇರಿಗಳು 43 ದಿನ ಸ್ಥಗಿತವಾದವು. ನಮ್ಮಲ್ಲಿ ಲೋಕಸಭೆಯಲ್ಲಿ ಬಜೆಟ್ ಬಿದ್ದರೆ ಸರ್ಕಾರವೇ ಬೀಳುತ್ತದೆ, ಹಾಗಾಗಿ ಆ ಕಾಯಿಲೆ ನಮಗಿಲ್ಲ.

ಮುಂದೂಡುತ್ತಲೇ ಹೋಗುವ ನಮ್ಮ ಕಾಯಿಲೆಯ ಲಕ್ಷಣ ನೋಡಲು ಬೆಂಗಳೂರಿನ ನಾಗರಬಾವಿಯೇ ಸಾಕು. ನಗರದ ಪಾಲಿಕೆಯಾಗಿದ್ದ ಬಿಬಿಎಂಪಿಯ ಕೌನ್ಸಿಲ್ಲಿನ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ವಾರ್ಡುಗಳು 198ರಿಂದ 243, ಅಲ್ಲಿಂದ 225 ಎಂದು ಬದಲಾಗುತ್ತಾ ಹೋದವು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯೇ ಐದು ಪಾಲಿಕೆಯಾಗಿ ನಾಗರಬಾವಿ ಪಶ್ಚಿಮ ಪಾಲಿಕೆಗೆ ಸೇರುವವರೆಗೂ ಚುನಾವಣೆ ನಡೆಯಲಿಲ್ಲ. ಬೀದಿದೀಪ ಕೆಟ್ಟರೆ ಕಾರ್ಪೊರೇಟರ್ ಮನೆಗೆ ಹೋಗಿ ಹೇಳುವ ರೂಢಿ ಇದ್ದವರು ಅಧಿಕಾರಿಗಳ ಫೋನಿಗೆ ಕಾದರು. ಇದಕ್ಕೂ ಪರಿಷತ್ತಿಗೂ ನಂಟಿದೆ. 2021ರ ಡಿಸೆಂಬರ್‌ನಲ್ಲಿ ಸ್ಥಳೀಯ ಸಂಸ್ಥೆಗಳಿಂದ ಪರಿಷತ್ತಿಗೆ ಚುನಾವಣೆ ನಡೆದಾಗ ಮತ ಹಾಕಲು ಬೆಂಗಳೂರಿನಲ್ಲಿ ಕಾರ್ಪೊರೇಟರುಗಳೇ ಇರಲಿಲ್ಲ. ಒಂದು ಕಡೆ ಮುಂದೂಡಿದ ಚುನಾವಣೆ ಇನ್ನೊಂದು ಸದನದ ಮತದಾರರ ಪಟ್ಟಿಯನ್ನೇ ಸೊರಗಿಸಿತು.

ನಾಗರಬಾವಿಯಲ್ಲೇ ರಾಷ್ಟ್ರೀಯ ಕಾನೂನು ಶಾಲೆಯಿದೆ, ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಗಳ ಅಧ್ಯಯನ ಸಂಸ್ಥೆಯಿದೆ. ಈ ವಿಷಯವನ್ನು ಅಲ್ಲಿನ ವಿದ್ವಾಂಸರಿಗಷ್ಟೇ ಬಿಟ್ಟುಕೊಡಬೇಡಿ. ಸಂವಿಧಾನದ ಕನ್ನಡ ಪ್ರತಿ ಹಿಡಿದು 196ರಿಂದ 201ರವರೆಗಿನ ವಿಧಿಗಳನ್ನು ಓದಿ, ಆರೇ ವಿಧಿ. ಮುಂದಿನ ಅಧಿವೇಶನದಲ್ಲಿ ಯಾವುದಾದರೂ ಒಂದು ಮಸೂದೆಯನ್ನು ಆರಿಸಿಕೊಂಡು, ವಿಧಾನಸಭೆ ಒಪ್ಪಿದ ದಿನ, ಪರಿಷತ್ತಿನಲ್ಲಿ ಮಂಡನೆಯಾದ ದಿನ, ಅಂಕಿತ ಬಿದ್ದ ದಿನ, ಈ ಮೂರನ್ನು ಬರೆದಿಡಿ.